ಪಟ್ಟಾಪಟ್ಟಿ ಮೀನು

ನಮ್ಮ ಉಜಿರೆಯಲ್ಲಿ ಮೀನುಗಳಲ್ಲಿ ಎರಡೇ ಜಾತಿ. ಒಂದು, ಬೆಳಗ್ಗೆ ಹಾರ್ನು ಬಾರಿಸಿಕೊಂಡು ಮನೆಬಾಗಿಲಿಗೆ ಬರುವ ಬಂಗುಡೆ, ಬೂತಾಯಿಗಳ ಜಾತಿ. ಇದಕ್ಕೆ ದರ ಉಂಟು. ಇನ್ನೊಂದು, ಶಿಶಿಲದ ಕಪಿಲಾ ಹೊಳೆಯಲ್ಲಿ, ಶಿಶಿಲೇಶ್ವರನ ಸನ್ನಿಧಿಯಲ್ಲಿ, ಭಕ್ತರು ಎಸೆದ ಅಕ್ಕಿಗೆ ಬಾಯ್ದೆರೆಯುವ ದೇವರ ಮೀನುಗಳ ಜಾತಿ. ಇದಕ್ಕೆ ಹರಕೆ ಉಂಟು. ಮೊದಲನೆಯದನ್ನು ತಿನ್ನುತ್ತೇವೆ, ಎರಡನೆಯದಕ್ಕೆ ತಿನ್ನಿಸುತ್ತೇವೆ. ೧೯೯೬ರಲ್ಲಿ ಯಾರೋ ದುರುಳರು ಶಿಶಿಲದ ನೀರಿಗೆ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತಾಗ ಸುತ್ತಿನ ಜನ ಮನೆಯವರೇ ಹೋದಂತೆ ಮರುಗಿದರು. ಅಲ್ಲಿ ಅವುಗಳಿಗೊಂದು ಸ್ಮಾರಕವೂ ಎದ್ದಿತು. ಆದರೆ ಸಾರಿಗೂ ಸಲ್ಲದ, ಸೇವೆಗೂ ಸಲ್ಲದ ಮೀನೊಂದು ಎದುರಾದರೆ ಅದನ್ನು ನೋಡುವ ಕಣ್ಣು ನಮಗೆ ಇದೆಯೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ಅರುವತ್ತು ದಾಟಿದ ಮೇಲೆ, ನೇತ್ರಾಣಿ ದ್ವೀಪದ ನೀರಿನಲ್ಲಿ, ಹೊಟ್ಟೆ ಅಡಿಯಾಗಿ ಮಲಗಿಕೊಂಡು.

ಕರೆದೊಯ್ದವನು ಅಕ್ಕನ ಮಗ. "ಮಾವ, ನೀವು ಈಜಬೇಕೆಂದಿಲ್ಲ. ಸುಮ್ಮನೆ ನೀರಿನ ಮೇಲೆ ಮಲಗಿ ಕೆಳಗೆ ನೋಡಿದರಾಯಿತು" ಎಂದ. "ಮಲಗಲಿಕ್ಕೆ ಮುರ್ಡೇಶ್ವರದವರೆಗೆ ಯಾಕೋ ಹೋಗಬೇಕು?" ಎಂದು ಕೇಳಿದೆನಾದರೂ ಹೋದೆ.

ನೇತ್ರಾವತಿಯ ಕಡೆಯವನಾದ ನನಗೆ ನೇತ್ರಾಣಿ ಎಂಬ ಹೆಸರು ಕೇಳಿದೊಡನೆ ಇವರಿಬ್ಬರೂ ಅಕ್ಕತಂಗಿಯರಿರಬೇಕು ಅನ್ನಿಸಿತ್ತು. ಸಂಬಂಧವೇನೋ ಇಲ್ಲ, ಇದ್ದರೆ ಅದು ವೈರದ್ದು. ಹವಳವೆಂಬುದು ಕಲ್ಲಲ್ಲ, ಪುಟ್ಟ ಪ್ರಾಣಿಗಳ ವಠಾರ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬಿಸಿಲು ಹಿಡಿದು ಅನ್ನ ಬೇಯಿಸಿ ಮನೆಯೊಡೆಯನಿಗೂ ಬಡಿಸುತ್ತದೆ. ಆದುದರಿಂದ ಹವಳಕ್ಕೆ ತಿಳಿಯಾದ ಉಪ್ಪುನೀರು ಬೇಕು, ತಳದವರೆಗೆ ಬಿಸಿಲು ಇಳಿಯಬೇಕು. ನಮ್ಮ ಹೊಳೆಗಳು ಮಾಡುವುದೇನು? ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೆಲ್ಲ ಕಲಸಿಕೊಂಡು ಹೋಗಿ ಕಡಲಿಗೆ ಸುರಿಯುತ್ತವೆ. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದಾಗ ಮೃತ್ಯುಂಜಯ ಹೊಳೆ ಹೊತ್ತುತಂದ ಕೆಮ್ಮಣ್ಣು ನೇತ್ರಾವತಿಯನ್ನು ಸೇರಿದುದನ್ನು ಕಂಡವರಿಗೆ, ಮಂಗಳೂರಿನ ಅಳಿವೆಯಲ್ಲಿ ಹವಳ ಏಕೆ ಬೆಳೆಯದು ಎಂಬುದನ್ನು ವಿವರಿಸಬೇಕಾಗಿಲ್ಲ. ನೇತ್ರಾಣಿಯಾದರೋ ದಡದಿಂದ ಸುಮಾರು ೧೯ ಕಿಲೊಮೀಟರ್ ಆಚೆ, ಕೆಸರಿನ ಕೈ ಎಟುಕದಷ್ಟು ದೂರ ನಿಂತಿದೆ. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪ ಎಂದು ಕರೆದರು. ನಮ್ಮ ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡರು. ಎರಡನ್ನೂ ಸಹಿಸಿಕೊಂಡು ಅದರ ಬಂಡೆಗಳ ಮೇಲೆ ಹವಳ ತೇಪೆ ತೇಪೆಯಾಗಿ ಬೆಳೆದಿದೆ.

ಮುಖಕ್ಕೆ ಗಾಜು, ಬಾಯಿಗೆ ಕೊಳವೆ, ಎದೆಗೆ ತೇಲುವ ಜಾಕೆಟು ಕಟ್ಟಿಸಿಕೊಂಡು, ಯಕ್ಷಗಾನದ ಚೌಕಿಯಿಂದ ಅರ್ಧ ವೇಷದಲ್ಲೇ ಹೊರಬಿದ್ದವನಂತೆ ನೀರಿಗಿಳಿದೆ. ತಲೆ ಮುಳುಗಿಸಿದಾಗ ಮೊದಲು ಕೇಳಿಸಿದ್ದು ನನ್ನದೇ ಉಸಿರು. ಮೊದಲು ಕಂಡದ್ದು ಅವು.

ನೂರೋ ಇನ್ನೂರೋ, ಎಣಿಸಲಾಗಲಿಲ್ಲ. ಗೇಣುದ್ದಕ್ಕೂ ಕಡಮೆ, ದೊಡ್ಡದಾದರೆ ೨೦ ಸೆಂಟಿಮೀಟರ್ ಆದೀತು. ವೀಳ್ಯದೆಲೆಯನ್ನು ಅಂಚಿನ ಮೇಲೆ ನಿಲ್ಲಿಸಿದ ಹಾಗೆ ಚಪ್ಪಟೆ ಮೈ. ಬೆಳ್ಳಿಯ ಬಣ್ಣ, ಬೆನ್ನಿಗೆ ಮಾತ್ರ ಅರಸಿನ ತಾಗಿಸಿದಂತೆ ಹಳದಿ. ಮೇಲಿಂದ ಕೆಳಕ್ಕೆ ಐದು ಕಪ್ಪು ಪಟ್ಟಿಗಳು. ನಮ್ಮ ಕಡೆ ಅಜ್ಜಂದಿರು ತೊಡುತ್ತಿದ್ದ ಪಟ್ಟಾಪಟ್ಟಿ ಚಡ್ಡಿಯ ಬಟ್ಟೆ ಉಂಟಲ್ಲ, ಅದನ್ನೇ ಅಳತೆ ತೆಗೆದು ಹೊಲಿಸಿದಂತಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಗಂಟಲು ಕೆಡಿಸಿಕೊಂಡವನು ನಾನು. ಇಲ್ಲಿ ಇಷ್ಟೂ ಮಂದಿ ಸಮವಸ್ತ್ರ ತೊಟ್ಟು, ಮೇಷ್ಟ್ರಿಲ್ಲದೆ, ಸೀಟಿಯಿಲ್ಲದೆ, ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದರು. ಒಂದು ಹೊರಳಿತೆಂದರೆ ಎಲ್ಲವೂ ಹೊರಳಿದವು, ಒಂದಕ್ಕೊಂದು ತಾಗಲಿಲ್ಲ. ಮುಖ ಮಾಡಿದ್ದು ನೀರು ಹರಿದುಬರುವ ದಿಕ್ಕಿಗೆ. ಅದರಲ್ಲಿ ತೇಲಿಬರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಅವುಗಳ ಊಟ. ಜತೆಗಿದ್ದರೆ ಹತ್ತಾರು ಜೋಡಿ ಕಣ್ಣು ಶತ್ರುವನ್ನು ಕಾಯುತ್ತವೆ. ಕತ್ತಲಾದರೆ ಗುಂಪು ಚದರಿ ಪ್ರತಿಯೊಂದೂ ಬಂಡೆಯ ಸಂದಿಯನ್ನು ಹುಡುಕಿ ಸೇರಿಕೊಳ್ಳುತ್ತದೆ.

ದೋಣಿಯಲ್ಲಿದ್ದ ಒಬ್ಬರು ಬಿಸ್ಕತ್ತು ಪುಡಿ ಮಾಡಿ ಎಸೆದರು. ಸಾಲು ಮುರಿಯಿತು, ಫೋಟೋ ಚೆನ್ನಾಗಿ ಬಂತು. ನನಗೆ ಅದು ಹಿಡಿಸಲಿಲ್ಲ. ಶಿಶಿಲದಲ್ಲಿ ಅಕ್ಕಿ ಎಸೆಯುವವನು ಕೈಮುಗಿದಾದರೂ ಎಸೆಯುತ್ತಾನೆ.

ಊರಿಗೆ ಬಂದು ಮೀನು ಮಾರುವವರಿಗೆ ವರ್ಣಿಸಿ ಹೆಸರು ಕೇಳಿದೆ. ಐವತ್ತು ವರ್ಷ ಕಡಲ ಮೀನನ್ನೇ ತೂಗಿದವರು ಅವರು. "ಅದು ಯಾರಿಗೆ ಬೇಕು ಮಾಷ್ಟ್ರೇ? ಮೈಯೆಲ್ಲ ಮುಳ್ಳು, ಮಾಂಸ ಇಲ್ಲ. ಬಲೆಗೆ ಬಿದ್ದರೂ ಬುಟ್ಟಿಗೆ ಬರುವುದಿಲ್ಲ. ಬುಟ್ಟಿಗೆ ಬಾರದ್ದಕ್ಕೆ ಹೆಸರು ಯಾಕೆ?" ಎಂದರು. ಮಾತಿನಲ್ಲಿ ತರ್ಕವಿತ್ತು. ಬಂಗುಡೆಗೆ ತುಳುವಿನಲ್ಲೊಂದು, ಕನ್ನಡದಲ್ಲೊಂದು, ಕೊಂಕಣಿಯಲ್ಲೊಂದು ಹೆಸರು ಹೇಳಬಲ್ಲ ನಮ್ಮ ಊರು, ಈ ಮೀನಿಗೆ ಒಂದನ್ನೂ ಖರ್ಚು ಮಾಡಿಲ್ಲ.

ಹೆಸರು ಕೊಟ್ಟವರು ಬೇರೆಯವರು. ಪಟ್ಟಿಗಳನ್ನು ಕಂಡು ಸಿಪಾಯಿಯ ತೋಳು ನೆನಪಾದ ಇಂಗ್ಲಿಷರು ಇದನ್ನು 'ಸಾರ್ಜೆಂಟ್ ಮೇಜರ್' ಎಂದರು. ಶಾಸ್ತ್ರಜ್ಞರ ಬಾಯಲ್ಲಿ ಇದು 'ಅಬುಡೆಫ್‌ಡಫ್ ವೈಗಿಯೆನ್ಸಿಸ್'. ಈ ಅಬುಡೆಫ್‌ಡಫ್ ಎಂಬ ವಿಚಿತ್ರ ಪದ ಅರಬಿಯದು. ಡೆನ್ಮಾರ್ಕಿನ ದೊರೆ ಅರೇಬಿಯಕ್ಕೆ ಕಳುಹಿಸಿದ ತಂಡದಲ್ಲಿ ಪೀಟರ್ ಫೋರ್ಸ್‌ಕಾಲ್ ಎಂಬ ಪಂಡಿತನಿದ್ದ. ಆತ ಕೆಂಪು ಸಮುದ್ರದ ದಂಡೆಯ ಜನರಿಂದ ಮೀನುಗಳ ಹೆಸರುಗಳನ್ನು ಕೇಳಿ ಬರೆದುಕೊಂಡ. ೧೭೬೩ರಲ್ಲಿ ಯೆಮೆನ್ನಿನಲ್ಲಿ ಜ್ವರದಿಂದ ತೀರಿಕೊಂಡ. ಅವನ ಕಾಗದಗಳನ್ನು ಕಾಪಾಡಿ ತಂದ ಜತೆಗಾರ ನೀಬೂರ್ ೧೭೭೫ರಲ್ಲಿ ಅಚ್ಚು ಮಾಡಿಸಿದ. ಹೀಗೆ ಉಳಿದ ಈ ಹೆಸರಿಗೆ ಅಗಲವಾದ ಪಕ್ಕೆಯುಳ್ಳದ್ದು ಎಂದು ಅರ್ಥ ಹೇಳುತ್ತಾರೆ. 'ಅಬು' ಎಂದರೆ ಅರಬಿಯಲ್ಲಿ ಅಪ್ಪ. 'ಇಂಥದ್ದುಳ್ಳವನು' ಎನ್ನಲಿಕ್ಕೂ ಅದೇ ಮಾತು. ನಮ್ಮಲ್ಲಿಯಾದರೆ 'ಪಕ್ಕೆಯಪ್ಪ' ಎನ್ನಬಹುದಿತ್ತೇನೋ! ಕೆಂಪು ಸಮುದ್ರದ ಬೆಸ್ತರ ಬಳಿ ಹೆಸರಿತ್ತು, ನಮ್ಮ ಬುಟ್ಟಿಯಲ್ಲಿ ಇರಲಿಲ್ಲ.

ಇದು ಅಪರೂಪದ ಮೀನೂ ಅಲ್ಲ. ಆಫ್ರಿಕದ ಪೂರ್ವತೀರದಿಂದ ಶಾಂತಸಾಗರದ ದ್ವೀಪಗಳವರೆಗೆ ಇದರ ನೆಂಟರಿಷ್ಟರು ಹರಡಿದ್ದಾರೆ. ಎಳೆಯವು ತೇಲುವ ಪಾಚಿಗೊಂಚಲಿನ ನೆರಳು ಹಿಡಿದು ನಡುಗಡಲಿನಲ್ಲೂ ಪ್ರಯಾಣ ಮಾಡುತ್ತವೆ. ಅಪಾಯ ಬಂದಿರುವುದು ಅದರ ವಠಾರಕ್ಕೆ. ನೀರು ಮಿತಿಮೀರಿ ಕಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ; ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ೧೯೯೮ರಲ್ಲಿಯೂ ೨೦೨೪ರಲ್ಲಿಯೂ ಲಕ್ಷದ್ವೀಪದ ಹವಳಕ್ಕೆ ಬಂದ ಗತಿ ಇದೇ.

ನಾನು ಹೇಳಬೇಕೆಂದಿದ್ದುದು ಆ ಗುಂಪಿನ ಮಾತಲ್ಲ, ಗುಂಪು ಬಿಟ್ಟು ನಿಂತ ಒಂದರ ಮಾತು. ಹಗ್ಗ ಹಿಡಿದು ಬಂಡೆಯ ಹತ್ತಿರಕ್ಕೆ ತೇಲಿದಾಗ, ಬೆಳ್ಳಿಯೆಲ್ಲ ನೀಲಿಗೆ ತಿರುಗಿ ಪಟ್ಟಿಗಳು ಮಬ್ಬಾದ ಒಂದು ಮೀನು ಅಂಗೈಯಗಲದ ಜಾಗದ ಮುಂದೆ ಅತ್ತಿಂದಿತ್ತ ಸುತ್ತುತ್ತಿತ್ತು. ಅಲ್ಲಿ ಬಂಡೆಗೆ ನೇರಳೆ ಬಣ್ಣದ ತೆಳುವಾದ ಲೇಪವಿತ್ತು. ಮೊಟ್ಟೆಗಳು. ಹೆಣ್ಣು ಇಟ್ಟು ಹೊರಟುಹೋಗುತ್ತದೆ. ಜಾಗ ಸ್ವಚ್ಛ ಮಾಡುವುದು, ರೆಕ್ಕೆ ಬೀಸಿ ಹೊಸ ನೀರು ಹಾಯಿಸುವುದು, ಮರಿಯಾಗುವವರೆಗೆ ಕಾಯುವುದು, ಎಲ್ಲವೂ ಅಪ್ಪನ ಪಾಲು. ಸುತ್ತ ಅದೇ ಪಟ್ಟಾಪಟ್ಟಿಯ ನೆಂಟರೇ ಮೊಟ್ಟೆ ತಿನ್ನಲು ಹೊಂಚುಹಾಕುತ್ತಿದ್ದರು. ಅವರನ್ನು ಅಟ್ಟಿ ತಿರುಗಿದ ಮೀನಿಗೆ ಇದ್ದಕ್ಕಿದ್ದಂತೆ ನಾನು ಕಂಡೆ. ಅದರ ಮುಂದೆ ನಾನು ತೆಪ್ಪದಷ್ಟು ದೊಡ್ಡವನು. ಅದು ಹಿಂಜರಿಯಲಿಲ್ಲ, ನೆಟ್ಟಗೆ ಬಂದು ನನ್ನ ಮುಖದ ಗಾಜಿಗೆ ಟಕ್ಕೆಂದು ಕುಟುಕಿತು. ನಾನು ಹಗ್ಗ ಎಳೆದು ಹಿಂದಕ್ಕೆ ಸರಿದೆ. ಅದು ಮತ್ತೆ ಮೊಟ್ಟೆಯ ಕಡೆ ತಿರುಗಿ ರೆಕ್ಕೆ ಬೀಸತೊಡಗಿತು.