ಒಂದು ವರ್ಷದ ರಹದಾರಿ

ದೂರದ ಪ್ರಯಾಣಕ್ಕೆ ಹೊರಡುವವರು ಮೊದಲು ಪಂಚಾಂಗವನ್ನು ನೋಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಈಗ ಪಂಚಾಂಗಕ್ಕಿಂತಲೂ ಮೊದಲು ಬಿಡಿಸಿ ಓದಬೇಕಾದ ಗ್ರಂಥ ಬೇರೊಂದುಂಟು. ಅದು ನಾವು ಹೋಗಬೇಕೆಂದಿರುವ ದೇಶದ ವೀಸಾ ನಿಯಮಾವಳಿ. ತಿಥಿ ನಕ್ಷತ್ರಗಳು ಪ್ರತಿಕೂಲವಾದರೆ ಶಾಂತಿ ಮಾಡಿಸಬಹುದು. ನಿಯಮವು ಪ್ರತಿಕೂಲವಾದರೆ ಅದಕ್ಕೆ ಶಾಂತಿಯಿಲ್ಲ. ಈ ಗ್ರಂಥದ ಪಾರಾಯಣವನ್ನು ನಾವು ಗಂಡಹೆಂಡಿರು ಆರು ತಿಂಗಳ ಕಾಲ ಮಾಡಿದೆವು. ಅದರ ಫಲವನ್ನು ನಮ್ಮಂತೆಯೇ ಯೋಚಿಸುತ್ತಿರುವ ಯಾವುದಾದರೊಂದು ಸಂಸಾರಕ್ಕೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೊರಟದ್ದೇಕೆಂಬುದನ್ನು ಮೊದಲು ಹೇಳಬೇಕು. ನನ್ನ ಪತ್ನಿಗೆ ಒಬ್ಬನೇ ತಮ್ಮನಿದ್ದನು. ಹುಟ್ಟಿನಿಂದಲೇ ಅವನ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು. ಅತ್ತೆ ಮಾವಂದಿರು ತೀರಿದ ಮೇಲೆ ಅವನು ಮೈಸೂರಿನ ನಮ್ಮ ಮನೆಯಲ್ಲಿಯೇ ಇದ್ದು, ೨೦೨೧ರಲ್ಲಿ ಕಾಲವಾದನು. ಅವನಿಗೆ ಊಟಕ್ಕೆ, ಬಟ್ಟೆಗೆ ಕೊರತೆಯಿರಲಿಲ್ಲ. ನಮ್ಮ ಪ್ರೀತಿಗೂ ಕೊರತೆಯಿರಲಿಲ್ಲ. ಆದರೆ ಬೆಳಗ್ಗೆ ಎದ್ದರೆ ಅವನು ಮಾಡಬೇಕಾದ ಕೆಲಸವೆಂಬುದೊಂದಿರಲಿಲ್ಲ. ಜಗಲಿಯ ಮೇಲೆ ಕುಳಿತು ದಿನವೆಲ್ಲ ಬೀದಿಯನ್ನು ನೋಡುತ್ತಿದ್ದನು. ಅವನು ಹೋದ ಮೇಲೆ ನನ್ನಾಕೆ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದಳು: “ಮೂವತ್ತೆಂಟು ವರ್ಷ ಅವನನ್ನು ನೋಡಿಕೊಂಡೆವು, ಅವನಿಂದ ಏನನ್ನೂ ಕೇಳಲಿಲ್ಲ. ಅದೇ ನಾವು ಮಾಡಿದ ತಪ್ಪು.”

ಅವಳು ಅಂಥ ಮಕ್ಕಳ ಶಾಲೆಯಲ್ಲಿಯೇ ಉಪಾಧ್ಯಾಯಿನಿ. ಸ್ಕಾಟ್ಲೆಂಡಿನ ಕ್ಯಾಂಪ್‌ಹಿಲ್ ಎಂಬ ಸಮುದಾಯಗಳ ವಿಷಯವನ್ನು ಅವಳು ಬಹಳ ದಿನದಿಂದ ಬಲ್ಲಳು. ಅಲ್ಲಿ ಬುದ್ಧಿಮಾಂದ್ಯವುಳ್ಳವರೂ ಇತರರೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಉಂಡು ಬಾಳುತ್ತಾರೆ. ತೋಟ, ರೊಟ್ಟಿಯ ಭಟ್ಟಿ, ನೆಯ್ಗೆ, ಮರಗೆಲಸ ಇವುಗಳಲ್ಲಿ ಎಲ್ಲರಿಗೂ ಪಾಲುಂಟು. ಇದನ್ನು ಪ್ರಾರಂಭಿಸಿದವರು ಕಾರ್ಲ್ ಕೋನಿಗ್ ಎಂಬ ವಿಯೆನ್ನಾ ನಗರದ ವೈದ್ಯರು. ೧೯೩೮ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದಾಗ, ಯೆಹೂದಿ ಕುಲದಲ್ಲಿ ಹುಟ್ಟಿದ ಅವರು ದೇಶವನ್ನು ಬಿಡಬೇಕಾಯಿತು. ಅವರೂ ಅವರ ಕಿರಿಯ ಮಿತ್ರರೂ ಅಬರ್ಡೀನ್ ಸೀಮೆಗೆ ಬಂದು ಸೇರಿದರು. ೧೯೪೦ರಲ್ಲಿ ಬ್ರಿಟಿಷ್ ಸರ್ಕಾರವು ಅವರಲ್ಲಿನ ಗಂಡಸರನ್ನು ಶತ್ರುದೇಶದವರೆಂದು ಎಣಿಸಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧನದಲ್ಲಿಟ್ಟಿತು. ಗಂಡಂದಿರಿಲ್ಲದ ಹೊತ್ತಿನಲ್ಲಿ ಆ ಹೆಂಗಸರೇ ಧೈರ್ಯಮಾಡಿ ೧೯೪೦ರ ಜೂನ್ ೧ರಂದು ಡೀ ನದಿಯ ಬಳಿಯ ಕ್ಯಾಂಪ್‌ಹಿಲ್ ಎಂಬ ಮನೆಗೆ ಬಿಡಾರವನ್ನು ಬದಲಾಯಿಸಿದರು. ಇಂದು ೨೦ಕ್ಕೂ ಹೆಚ್ಚು ದೇಶಗಳಲ್ಲಿ ಹಬ್ಬಿರುವ ಈ ಕೆಲಸವು ಹೀಗೆ ನೆಲೆ ತಪ್ಪಿದವರ ಕೈಯಿಂದ ನೆಲೆಗೊಂಡಿತು. ಪರದೇಶದಲ್ಲಿ ಇರುವುದಕ್ಕೆ ಅನುಮತಿ ಬೇಡುವ ಕಷ್ಟವನ್ನು ಅದರ ಮೂಲಪುರುಷರೇ ಅನುಭವಿಸಿದ್ದರು.

ಅಂಥದೊಂದು ಊರಿನಲ್ಲಿ ಒಂದು ವರ್ಷವಿದ್ದು ಕಲಿತು ಬರಬೇಕೆಂಬುದು ನನ್ನಾಕೆಯ ಸಂಕಲ್ಪ. ಒಬ್ಬಳೇ ಹೋಗಲು ಅವಳಿಗೆ ಮನಸ್ಸಿಲ್ಲ. ಹದಿನಾರರ ಮಗಳನ್ನೂ ಒಂಬತ್ತರ ಮಗನನ್ನೂ ಬಿಟ್ಟು ಹೋಗುವುದು ಸಾಧ್ಯವೂ ಇಲ್ಲ. ಆದ್ದರಿಂದ ಸಂಸಾರವೇ ಹೊರಡಬೇಕಾಯಿತು. ಆಗಲೇ ನಿಯಮಾವಳಿಯ ಪಾರಾಯಣ ಆರಂಭವಾದದ್ದು.

ಸೇವೆ ಮಾಡುವುದಕ್ಕೂ ಅಪ್ಪಣೆ ಬೇಕೆ ಎಂದು ನಮ್ಮ ತಾಯಿಯವರು ಆಶ್ಚರ್ಯಪಟ್ಟರು. ಬೇಕು. ಕಾನೂನಿನ ಕಣ್ಣಿನಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ. ನೇಪಾಳವಾದರೆ ೧೯೫೦ರ ಒಪ್ಪಂದದ ಪ್ರಕಾರ ಭಾರತೀಯರಿಗೆ ವೀಸಾದ ಗೊಡವೆಯೇ ಇಲ್ಲ. ಜರ್ಮನಿಯಲ್ಲಿ ೨೦೧೧ರಿಂದ ರಾಷ್ಟ್ರೀಯ ಸ್ವಯಂಸೇವೆಯೆಂಬ ಏರ್ಪಾಡಿದ್ದು, ಸಾಮಾನ್ಯವಾಗಿ ಒಂದು ವರ್ಷದ ಕಾಲ ಕೈಖರ್ಚಿನ ಮೇಲೆ ಸೇವೆಮಾಡಬಹುದು. ಆದರೆ ಅದು ಸೇವೆಗೆ ಸೇರುವ ಒಬ್ಬೊಬ್ಬರಿಗಾಗಿ ಮಾಡಿದ ಏರ್ಪಾಡೇ ಹೊರತು ಸಂಸಾರಕ್ಕಾಗಿ ಮಾಡಿದ್ದಲ್ಲ. ಬ್ರಿಟನ್ನಿಗೆ ಸಂದರ್ಶಕರಾಗಿ ಹೋದವರು ನೋಂದಾಯಿತ ಧರ್ಮಸಂಸ್ಥೆಯೊಂದರಲ್ಲಿ ೩೦ ದಿನ ಮಾತ್ರ ಸ್ವಯಂಸೇವೆ ಮಾಡಬಹುದು. ಮೂವತ್ತು ದಿನದಲ್ಲಿ ಒಂದು ಮನೆಯ ಅಡುಗೆಮನೆಯ ಡಬ್ಬಿಗಳ ಸ್ಥಾನವೇ ತಿಳಿಯುವುದಿಲ್ಲ. ಮನುಷ್ಯರ ಮನಸ್ಸು ತಿಳಿಯುವುದೆಂತು? ಕೊನೆಗೆ ನಮಗೆ ಒದಗಿದ್ದು ಧರ್ಮಸಂಸ್ಥೆಯ ಕಾರ್ಯಕರ್ತರಿಗಾಗಿ ಇರುವ ಚಾರಿಟಿ ವರ್ಕರ್ ವೀಸಾ. ಅದರ ಅವಧಿ ಹೆಚ್ಚೆಂದರೆ ೧೨ ತಿಂಗಳು. ಸರ್ಕಾರದಿಂದ ಪರವಾನಗಿ ಪಡೆದ ಸಂಸ್ಥೆಯು ಪ್ರಾಯೋಜಕನಾಗಿ ನಿಂತು ಒಂದು ಪ್ರಮಾಣಪತ್ರವನ್ನು ಕೊಡಬೇಕು. ಪತ್ರವೆಂದರೆ ಕಾಗದವಲ್ಲ, ಒಂದು ಅಂಕಿ. ಆ ಅಂಕಿ ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ವಸತಿ, ಊಟ, ನ್ಯಾಯವಾದ ಖರ್ಚು ಇವುಗಳ ಹೊರತು ಸೇವೆಗೆ ಬಿಡಿಗಾಸಿನ ಸಂಬಳವೂ ಕೂಡದು.

ಪ್ರಮಾಣಪತ್ರವು ಬಂದದ್ದು ನನ್ನಾಕೆಯ ಹೆಸರಿಗೆ. ನಾನೂ ಮಕ್ಕಳೂ ಅವಳ “ಅವಲಂಬಿತರು” ಎಂದು ದಾಖಲೆಯಾಯಿತು. ಹದಿನೆಂಟು ವರ್ಷ ಬ್ಯಾಂಕಿನ ಅರ್ಜಿಗಳಲ್ಲಿ ಅವಳನ್ನು ನನ್ನ ಅವಲಂಬಿತಳೆಂದು ಬರೆದವನಿಗೆ ಅಂದು ಆ ಶಬ್ದದ ರುಚಿ ತಿಳಿಯಿತು. ಇದರಲ್ಲಿ ಇನ್ನೊಂದು ವಿನೋದವುಂಟು. ಮುಖ್ಯ ಅರ್ಜಿದಾರಳು ಸೇವೆಗೆ ಸಂಬಳ ಪಡೆಯುವಂತಿಲ್ಲ. ಅವಲಂಬಿತನಾದ ಪತಿಯು ಸಂಬಳದ ಉದ್ಯೋಗವನ್ನು ಮಾಡಬಹುದು. “ಕಾನೂನು ನಿಮ್ಮ ಮಾನವನ್ನು ಹೇಗೋ ಕಾಪಾಡಿತು” ಎಂದು ಅವಳು ನಕ್ಕಳು.

ಕಾಗದಪತ್ರಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಪತಿಪತ್ನಿಯರೆಂಬುದಕ್ಕೆ ವಿವಾಹದ ದಾಖಲೆ ಬೇಕು. ನಮ್ಮಲ್ಲಿ ಲಗ್ನಪತ್ರಿಕೆಯೂ, ಬಣ್ಣ ಮಾಸಿದ ಭಾವಚಿತ್ರಗಳೂ ಇದ್ದುವು, ಸರ್ಕಾರದ ನೋಂದಣಿಯಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ಮೂವರು ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆವು. ಮಗಳು ಹಿಂದೆ ನಿಂತು ತಂದೆತಾಯಿಗಳ ಮದುವೆಯನ್ನು ನೋಡಿದಳು. ಎರಡನೆಯ ತೊಡಕು ಹೆಸರಿನದು. ಊರು, ತಂದೆಯ ಹೆಸರು, ಸ್ವಂತದ ಹೆಸರು ಎಂದು ಮೂರೆಳೆಯಿಂದ ಹೊಸೆದ ನಮ್ಮ ಕಡೆಯ ಹೆಸರುಗಳು ಒಂದು ಪತ್ರದಲ್ಲಿ ಅಕ್ಷರಗಳಾಗಿ, ಇನ್ನೊಂದರಲ್ಲಿ ಪೂರ್ಣವಾಗಿ, ಮತ್ತೊಂದರಲ್ಲಿ ತಲೆಕೆಳಗಾಗಿ ಇರುತ್ತವೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲ ಕಡೆಯೂ ಇರಬೇಕೆಂಬುದನ್ನು ಮೊದಲೇ ತಿಳಿದವರು ಎರಡು ತಿಂಗಳನ್ನು ಉಳಿಸಿಕೊಳ್ಳುವರು. ಆರು ತಿಂಗಳಿಗೆ ಮೀರಿ ಇರಲು ಹೋಗುವ ನಮ್ಮ ದೇಶದವರಿಗೆ ಕ್ಷಯರೋಗದ ಪರೀಕ್ಷೆ ಕಡ್ಡಾಯ. ಅದನ್ನು ಆ ಸರ್ಕಾರವು ಒಪ್ಪಿದ ಚಿಕಿತ್ಸಾಲಯದಲ್ಲಿಯೇ ಮಾಡಿಸಬೇಕು. ಪ್ರಮಾಣಪತ್ರವು ಆರು ತಿಂಗಳು ಸಲ್ಲುತ್ತದೆ. ಹನ್ನೊಂದು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಎದೆಯ ಚಿತ್ರ ತೆಗೆಯುವುದಿಲ್ಲವಾದ್ದರಿಂದ ಮಗನಿಗೆ ತನ್ನ ಎಲುಬುಗಳನ್ನು ನೋಡುವ ಭಾಗ್ಯ ತಪ್ಪಿತೆಂದು ವ್ಯಸನವಾಯಿತು.

ಇನ್ನು ಹಣದ ಮಾತು. ನಾವು ಅರ್ಜಿ ಹಾಕಿದ ೨೦೨೪ರಲ್ಲಿ ವೀಸಾದ ಶುಲ್ಕ ತಲೆಗೆ ೨೯೮ ಪೌಂಡು. ಅದರ ಮೇಲೆ ಆರೋಗ್ಯದ ಸುಂಕವೊಂದುಂಟು: ವರ್ಷಕ್ಕೆ ದೊಡ್ಡವರಿಗೆ ೧,೦೩೫, ಹದಿನೆಂಟರೊಳಗಿನ ಮಕ್ಕಳಿಗೆ ೭೭೬ ಪೌಂಡು. ನಾಲ್ವರ ಲೆಕ್ಕ ಒಟ್ಟು ೪,೮೧೪ ಪೌಂಡು, ಎಂದರೆ ಸುಮಾರು ಐದು ಲಕ್ಷ ರೂಪಾಯಿ. ವಿಮಾನದ ಖರ್ಚು ಬೇರೆ. ಇದಲ್ಲದೆ ೨೮ ದಿನಗಳ ಕಾಲ ಬ್ಯಾಂಕಿನಲ್ಲಿ ನಿಗದಿಯಾದ ಮೊತ್ತವನ್ನು ತೋರಿಸಬೇಕು. ಪ್ರಾಯೋಜಕ ಸಂಸ್ಥೆಯು ಮೊದಲ ತಿಂಗಳ ಯೋಗಕ್ಷೇಮಕ್ಕೆ ತಾನೇ ಹೊಣೆಯೆಂದು ಬರೆದುಕೊಟ್ಟರೆ ಆ ಷರತ್ತು ತಪ್ಪುತ್ತದೆ. ನಮಗೆ ತಪ್ಪಿತು. ಉಳಿದ ಹಣವು ಮನೆಯ ಮೇಲಂತಸ್ತಿಗೆಂದು ಕೂಡಿಟ್ಟದ್ದು. ಸಂಬಳವಿಲ್ಲದ ದುಡಿಮೆಗೆ ಕೈಯಿಂದ ಐದು ಲಕ್ಷ ತೆರುವವರನ್ನು ಕಂಡು ನಮ್ಮ ಕಚೇರಿಯ ಮಿತ್ರರು ಮರುಕಪಟ್ಟರು. ಅವರ ಮರುಕ ಅಕಾರಣವೆಂದು ನಾನು ಹೇಳಲಾರೆ.

ಆದರೆ ಹಣಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದ ಷರತ್ತು ಬೇರೆ. ಅವಲಂಬಿತರೆಂದರೆ ಪತಿ ಅಥವಾ ಪತ್ನಿ, ಹದಿನೆಂಟು ತುಂಬದ ಮಕ್ಕಳು; ಅಷ್ಟೇ. ಎಪ್ಪತ್ತೆಂಟು ವರ್ಷದ ನನ್ನ ತಾಯಿಯವರಿಗೆ ಆ ಪಟ್ಟಿಯಲ್ಲಿ ಎಡೆಯಿಲ್ಲ. ನಮ್ಮ ಮನೆಯಲ್ಲಿ ಸಂಸಾರವೆಂದರೆ ಮೊದಲು ಅವರು. ಆ ಕಾನೂನಿನಲ್ಲಿ ಅವರು ನಮ್ಮ ಸಂಸಾರದವರೇ ಅಲ್ಲ. ಈ ವಿಷಯವನ್ನು ಅವರಿಗೆ ಹೇಳಲು ನನಗೆ ನಾಲಗೆ ಬರಲಿಲ್ಲ. ಅವರೇ ಒಂದು ದಿನ ಕರೆದು, “ನಾನು ನಿನ್ನ ತಂಗಿಯ ಮನೆಯಲ್ಲಿರುತ್ತೇನೆ. ಆ ಹುಡುಗನನ್ನು ಜಗಲಿಯ ಮೇಲೆ ಕೂರಿಸಿದವಳು ನಾನು. ಬೀದಿಗೆ ಬಿಡಲು ಹೆದರಿದೆ. ಹೋಗಿ, ಬೇರೆಯವರು ಹೇಗೆ ಹೆದರದೆ ಇದ್ದಾರೆಂದು ನೋಡಿ ಬನ್ನಿ,” ಎಂದರು. ನನ್ನಾಕೆ ಅವರ ಕಾಲ ಬಳಿ ಕುಳಿತು ಬಹಳ ಹೊತ್ತು ಅತ್ತಳು. ಅದರ ಮರುದಿನವೇ ಶುಲ್ಕವನ್ನು ಕಟ್ಟಿದೆವು.

೨೦೨೪ರ ಆಗಸ್ಟಿನಲ್ಲಿ ನಾವು ಅಬರ್ಡೀನ್ ಸೀಮೆಯ ಒಂದು ಸಮುದಾಯವನ್ನು ಸೇರಿದೆವು. ಸ್ಕಾಟ್ಲೆಂಡಿನ ಶಾಲೆಗಳು ಆ ತಿಂಗಳ ನಡುವಿನಲ್ಲಿಯೇ ತೆರೆಯುವುದರಿಂದ ಮಕ್ಕಳಿಗೆ ದಿನ ನಷ್ಟವಾಗಲಿಲ್ಲ. ಶಾಲೆಗೆ ಶುಲ್ಕವೂ ಇಲ್ಲ. ವೈದ್ಯರು ಬರೆದ ಔಷಧಿಗೆ ಅಲ್ಲಿ ೨೦೧೧ರಿಂದ ಬೆಲೆಯಿಲ್ಲ. ಸುಂಕವು ವ್ಯರ್ಥವಾಗಲಿಲ್ಲವೆಂದು ಮಗನ ಮೊದಲ ಶೀತಜ್ವರದಲ್ಲಿ ಸಮಾಧಾನ ಪಟ್ಟೆವು. ನಮಗೆ ಕೊಟ್ಟ ಗುರುತಿನ ಚೀಟಿಯ ಮೇಲೆ ಮಾತ್ರ ಅವಧಿ ೨೦೨೪ರ ಡಿಸೆಂಬರ್ ೩೧ ಎಂದಿತ್ತು! ನಾಲ್ಕೇ ತಿಂಗಳಿಗೆ ಹೊರದೂಡುವರೋ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ. ಆಮೇಲೆ ತಿಳಿಯಿತು: ಚೀಟಿಗಳನ್ನೇ ನಿಲ್ಲಿಸಿ ಎಲ್ಲವನ್ನೂ ವಿದ್ಯುನ್ಮಾನ ದಾಖಲೆಯಾಗಿ ಮಾಡುತ್ತಿದ್ದುದರಿಂದ ಎಲ್ಲರ ಚೀಟಿಗೂ ಆ ದಿನವೇ ಕಡೆ; ನಮ್ಮ ಅನುಮತಿಗೆ ಅದರಿಂದ ಬಾಧಕವಿರಲಿಲ್ಲ.

ಆ ಮನೆಯಲ್ಲಿ ನಾವು ಹನ್ನೊಂದು ಮಂದಿ. ಅವರಲ್ಲಿ ಒಬ್ಬರು ಐವತ್ತು ದಾಟಿದ ಹಿರಿಯರು, ಡೌನ್ ಸಿಂಡ್ರೋಮ್ ಇದ್ದವರು. ಸಂಜೆಯ ಊಟಕ್ಕೆ ತಟ್ಟೆಗಳನ್ನಿಡುವುದು ಅವರ ಅಧಿಕಾರ. ಒಂದು ತಟ್ಟೆಯನ್ನು ನಾನು ಸರಿಪಡಿಸಲು ಹೋದರೆ ಕೈಯನ್ನು ಮೆಲ್ಲನೆ ಸರಿಸುತ್ತಿದ್ದರು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆ ಕತ್ತಲೆಯಲ್ಲಿ ಅವರು ದೀಪ ಹಚ್ಚಿ, ಹನ್ನೊಂದು ತಟ್ಟೆಗಳನ್ನು ಎಣಿಸಿಡುವುದನ್ನು ನೋಡುತ್ತ ನನ್ನಾಕೆ ಎಷ್ಟೋ ಸಲ ಬಾಗಿಲಲ್ಲಿಯೇ ನಿಂತುಬಿಡುತ್ತಿದ್ದಳು. ಅವಳ ಕಣ್ಣಿನ ಮುಂದೆ ಯಾರಿದ್ದರೆಂದು ನಾನು ಕೇಳಲಿಲ್ಲ.

ವರ್ಷ ಕಳೆಯಿತು. ಹನ್ನೆರಡು ತಿಂಗಳ ಮೇಲೆ ಈ ವೀಸಾ ಬೆಳೆಯುವುದಿಲ್ಲ. ಅದರಿಂದ ನೆಲೆಯಾಗಿ ನಿಲ್ಲುವ ಹಕ್ಕೂ ಬರುವುದಿಲ್ಲ. ಹೊರಡುವ ದಿನವನ್ನು ಹೇಳಿದಾಗ ಆ ಹಿರಿಯರು, “ಹೋಗೆಂದವರು ಯಾರು?” ಎಂದು ಕೇಳಿದರು. “ಸರ್ಕಾರದವರು,” ಎಂದೆನು. ಅವರು ಸ್ವಲ್ಪ ಯೋಚಿಸಿ, “ನಾನು ಅವರಿಗೆ ಕಾಗದ ಬರೆಯುತ್ತೇನೆ,” ಎಂದರು. ಮರುದಿನ ಮಡಿಸಿದ ಹಾಳೆಯೊಂದನ್ನು ನನ್ನಾಕೆಯ ಕೈಯಲ್ಲಿಟ್ಟರು. ಅದರಲ್ಲಿ ಅಕ್ಷರಗಳಿರಲಿಲ್ಲ, ಹನ್ನೊಂದು ದುಂಡು ತಟ್ಟೆಗಳಿದ್ದುವು. ಆ ಅರ್ಜಿಯನ್ನು ಯಾವ ಕಚೇರಿಗೆ ಕೊಡುವುದೆಂದು ನಮಗೆ ತಿಳಿಯಲಿಲ್ಲ. ಅದೀಗ ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿದೆ.

ನಿಯಮಗಳನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ದೇಶಕ್ಕೆ ಸೇವೆಗಾಗಿ ಬರುವ ಪರದೇಶದವರಿಗೂ ನಿಯಮಗಳುಂಟು. ೧೮೦ ದಿನಕ್ಕೆ ಮೀರಿದ ವೀಸಾದಲ್ಲಿ ಬಂದವರು ೧೪ ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಮನೆಗೆ ಬಾಗಿಲಿರುವಂತೆ ದೇಶಕ್ಕೂ ಬಾಗಿಲಿರುತ್ತದೆ. ಹೋಗಬೇಕೆಂದಿರುವವರು ಅರ್ಜಿ ಹಾಕುವ ದಿನದ ಶುಲ್ಕವನ್ನೂ ಷರತ್ತನ್ನೂ ಆಯಾ ಸರ್ಕಾರದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ನಮ್ಮ ಕಾಲದ ೨೯೮ ಪೌಂಡು ಮುಂದಿನ ವರ್ಷವೇ ಏರಿತು. ಮದುವೆಯ ನೋಂದಣಿಯನ್ನು ಇಂದೇ ಮಾಡಿಸಿರಿ. ಹೆಸರನ್ನು ಎಲ್ಲೆಡೆಯೂ ಒಂದಾಗಿಸಿರಿ. ಮನೆಯ ಹಿರಿಯರನ್ನು ಮೊದಲು ಕೇಳಿರಿ.

ನಾವು ೨೦೨೫ರ ಆಗಸ್ಟಿನಲ್ಲಿ ಹಿಂದಿರುಗಿದೆವು. ತಾಯಿಯವರು ತಂಗಿಯ ಮನೆಯ ಗೋಡೆಯ ಪಂಚಾಂಗದಲ್ಲಿ ದಿನಕ್ಕೊಂದು ಗೆರೆಯೆಳೆದು ನಮ್ಮ ಅವಧಿಯನ್ನು ಎಣಿಸುತ್ತಿದ್ದರಂತೆ. ಈಗ ನನ್ನಾಕೆಯ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ತಟ್ಟೆಯಿಡುವವರು ಮಕ್ಕಳೇ. ಒಂದೆರಡು ಒಡೆದುವು. ತಾಯಿಯವರು ಅಲ್ಲಿಗೆ ವಾರಕ್ಕೊಮ್ಮೆ ಹೋಗಿ ಕುಳಿತು ನೋಡುತ್ತಾರೆ. ತಟ್ಟೆಗಳು ಓರೆಯಾಗಿದ್ದರೂ ಕೈ ಹಾಕುವುದಿಲ್ಲ.