ಅಡ್ಮಿನ್ ಎಂಬ ಬಿಟ್ಟಿ ಚಾಕರಿ

“ಇದರಿಂದ ನಿಮಗೆ ಏನು ಸಿಗುತ್ತೆ ರೀ?” ಎಂಬುದು ನನ್ನ ಹೆಂಡತಿಯ ಹಳೆಯ ಪ್ರಶ್ನೆ. ದಿನವಿಡೀ ಕಚೇರಿಯ ಕಡತಗಳಿಗೆ ಟಿಪ್ಪಣಿ ಬರೆದು ಬಂದವನು, ರಾತ್ರಿ ಮತ್ತೆ ಇನ್ನೂರು ಮಂದಿಯ ಜಗಳ ಬಿಡಿಸಲು ಕೂರುವುದು ಆಕೆಗೆ ಒಗಟು. ದೆಹಲಿಯ ಕನ್ನಡಿಗರ ಒಂದು ವಾಟ್ಸ್ಯಾಪ್ ಬಳಗಕ್ಕೆ ನಾನು ಅನೇಕ ವರ್ಷಗಳಿಂದ ಅಡ್ಮಿನ್. ಸುಳ್ಳುಸುದ್ದಿ ಹಾಕಿದವರಿಗೆ ನಯವಾಗಿ ತಿಳಿಹೇಳುವುದು, ಮುನಿದು ಹೊರನಡೆದ ಹಿರಿಯರನ್ನು ಮರಳಿ ಕರೆತರುವುದು, ಸಾಮಾನ್ಯವಾಗಿ ಇಷ್ಟೇ ಕೆಲಸ.

2021ರ ಏಪ್ರಿಲ್‌ನಲ್ಲಿ ಕೆಲಸದ ಸ್ವರೂಪವೇ ಬದಲಾಯಿತು. ನಗರದಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ಬಳಗಕ್ಕೆ ಬರುತ್ತಿದ್ದ ಸಿಲಿಂಡರಿನ ನಂಬರುಗಳಲ್ಲಿ ಹೆಚ್ಚಿನವು ಸ್ವಿಚ್ ಆಫ್; ಕೆಲವರು ಮುಂಗಡ ಪಡೆದು ಮಾಯವಾಗುತ್ತಿದ್ದರು. ಅಡ್ಮಿನ್‌ಗಳಷ್ಟೇ ಬರೆಯುವಂತೆ ಬಳಗವನ್ನು ಬಿಗಿಗೊಳಿಸಿ, ನಾವೇ ಫೋನು ಮಾಡಿ ಖಚಿತಪಡಿಸಿಕೊಳ್ಳದ ಯಾವ ನಂಬರನ್ನೂ ಹಾಕಬಾರದೆಂದು ನಾವು ಮೂವರು ಅಡ್ಮಿನ್‌ಗಳು ನಿಯಮ ಮಾಡಿಕೊಂಡೆವು.

ಒಂದು ನಡುರಾತ್ರಿ ಬಂದ ನಂಬರಿಗೆ ಮೂರು ಬಾರಿ ಕರೆ ಮಾಡಿದೆ. ಉತ್ತರವಿಲ್ಲ. ನಿಯಮದಂತೆ ಅದನ್ನು ಹಾಕಲಿಲ್ಲ. ಬೆಳಿಗ್ಗೆ ಅಂಗಡಿಯವನೇ ತಿರುಗಿ ಕರೆದ: ಸಿಲಿಂಡರ್ ತುಂಬಿಸಲು ಹೋಗಿದ್ದೆ, ಎರಡು ಇವೆ, ಬೇಕೇ? ಅಷ್ಟರಲ್ಲಿ ಅದಕ್ಕಾಗಿ ಕಾದಿದ್ದ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡಿದ್ದರು.

ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಅಡ್ಮಿನ್ ಎಂಬ ಮಾತ್ರಕ್ಕೆ ಯಾರೂ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದೇ ವರ್ಷ ಹೇಳಿತ್ತು. ಹಾಕದೇ ಉಳಿದ ಸಂದೇಶದ ಹೊಣೆ ಯಾರದೆಂದು ಯಾವ ನ್ಯಾಯಾಲಯವನ್ನು ಕೇಳುವುದು?

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಮಗನಿಗೆ ಎಲ್ಲವನ್ನೂ ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಸರ್, ನೀವು ಮೊದಲು ಕೊಟ್ಟ ನಂಬರಿನಿಂದಲೇ ಅಪ್ಪ ನಾಲ್ಕು ದಿನ ಹೆಚ್ಚು ಉಸಿರಾಡಿದರು” ಎಂದ.

ಈ ಕೆಲಸದಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆಯೇ ಎಂದರೆ, ಇಲ್ಲ. ಆ ರಾತ್ರಿ ನನ್ನನ್ನು ಬಿಟ್ಟುಹೋಗಿಲ್ಲ. ಆದರೂ ನಿಯಮ ತಪ್ಪೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಆ ನಾಲ್ಕು ದಿನಗಳೂ ಇರುತ್ತಿರಲಿಲ್ಲ.

ಸದಸ್ಯರ ಸಂದೇಶವನ್ನು ಅಳಿಸುವ ಅಧಿಕಾರ 2022ರಿಂದ ಅಡ್ಮಿನ್‌ಗಳಿಗೆ ಬಂದಿದೆ. ಮೊನ್ನೆ ಅದೇ ಹುಡುಗ ಒಂದು ಸುಳ್ಳು ಔಷಧಿಯ ಸುದ್ದಿ ಹಾಕಿದ್ದ. ಅಳಿಸುವ ಮೊದಲು ಫೋನು ಮಾಡಿದೆ.

“ಅಳಿಸಿಬಿಡಿ ಸರ್, ನೀವು ವಿಚಾರಿಸಿಯೇ ಇರುತ್ತೀರಿ” ಎಂದ.

ಹೆಂಡತಿಯ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.