ಉಪ್ಪಿಗೆ ಬಿದ್ದ ಮಿಡಿ

ಅಡಿಕೆ ಕೊಯ್ಲು ಮುಗಿದು, ಸುಲಿಯುವ ಗಲಾಟೆಯೂ ಅಡಗಿದ ಮೇಲೆ ಸಿದ್ದಾಪುರ, ಶಿರಸಿ, ಸಾಗರದ ಮನೆಗಳಲ್ಲಿ ಮಾತಿನ ವಿಷಯ ಬದಲಾಗುತ್ತದೆ. ಅಲ್ಲಿಯವರೆಗೆ ಅಡಿಕೆ ದರ ವಿಚಾರಿಸುತ್ತಿದ್ದವರು ಈಗ ಮಾವಿನ ಮರದ ಯೋಗಕ್ಷೇಮ ವಿಚಾರಿಸತೊಡಗುತ್ತಾರೆ. ಯಾವ ಮರ ಹೂ ಬಿಟ್ಟಿತು, ಯಾವುದು ಕಾಯಿ ಕಚ್ಚಿತು, ಯಾವುದು ಈ ಸಲ ಮುನಿಸಿಕೊಂಡಿತು. ಅಪ್ಪೆಮಿಡಿ ಮರಕ್ಕೆ ಮುನಿಸು ಹುಟ್ಟುಗುಣ. ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟದ್ದು ಮರುವರ್ಷ ಬರೀ ಚಿಗುರು ತೋರಿಸಿ ಸುಮ್ಮನಾಗುತ್ತದೆ. ಹೂ ಬಂದರೂ ಭರವಸೆ ಇಲ್ಲ. ಮೋಡ ಕವಿದರೆ ಜಿಗಿಹುಳು, ಮಂಜು ಹೆಚ್ಚಾದರೆ ಹೂ ಕರಿ, ಅಕಾಲದ ಮಳೆ ಸುರಿದರೆ ಎಲ್ಲವೂ ನೆಲಕ್ಕೆ. ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ಮನೆಯಲ್ಲೂ ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಾರೆ. ಮಿಡಿ ಬರುವ ಮೊದಲೇ ಭರಣಿ ಒಣಗಿರಬೇಕು ಎಂಬುದು ಅಲ್ಲಿನ ರೂಢಿ.

ಅಪ್ಪೆಮಿಡಿ ಎಂಬುದು ಒಂದೇ ಒಂದು ತಳಿಯಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ ಹೊಳೆಗಳ ದಂಡೆಯಲ್ಲಿ ಗೊರಟು ಬಿದ್ದು ತಾನಾಗಿ ಎದ್ದ ಹತ್ತಾರು ಬಗೆಯ ಕಾಡುಮಾವುಗಳ ಒಟ್ಟು ಹೆಸರು ಅದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ದೊಂಬೆಸರ ಜೀರಿಗೆ, ಪುರಪ್ಪೆಮನೆ ಅಪ್ಪೆ: ಊರಿನ ಹೆಸರು, ಆಸಾಮಿಯ ಹೆಸರು ಮರಕ್ಕೆ ಅಂಟಿ ಹಾಗೇ ಉಳಿದುಬಿಟ್ಟಿವೆ. ಇವುಗಳ ಹಣ್ಣು ಹುಳಿ, ಯಾರೂ ಆಸೆಪಡುವುದಿಲ್ಲ. ಇವಕ್ಕೆ ಬೆಲೆ ಇರುವುದೆಲ್ಲ ಒಳಗಿನ ಗೊರಟು ಬಲಿಯುವ ಮುಂಚಿನ ಕೆಲವೇ ದಿನಗಳಲ್ಲಿ. ಬಲ್ಲವರು ಕಾಯಿಗೂ ಕಾಯುವುದಿಲ್ಲ, ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ ಮೂಸುತ್ತಾರೆ. ಒಂದು ಜೀರಿಗೆ ಎನ್ನುತ್ತದೆ, ಇನ್ನೊಂದು ಕರ್ಪೂರ ಎನ್ನುತ್ತದೆ. ಹೊಸನಗರ ತಾಲೂಕಿನ ರಿಪ್ಪನ್‌ಪೇಟೆಯ ಮಿಡಿ ಸಂತೆಯಲ್ಲಿ ತೂಕಕ್ಕಿಂತ ಎಣಿಕೆಗೇ ಹೆಚ್ಚು ಗೌರವ, ನೂರಕ್ಕೆ ಇಷ್ಟು ಎಂದು ವ್ಯಾಪಾರ.

ಇಂಥ ಒಂದು ಹೊಳೆದಂಡೆಯ ಮನೆಗೆ, ಸಿದ್ದಾಪುರ ತಾಲೂಕಿನ ಒಳಹಳ್ಳಿಗೆ, ಅವಳು ಸೊಸೆಯಾಗಿ ಬಂದದ್ದು ಬ್ಯಾಡಗಿ ಕಡೆಯಿಂದ. ಅಡಿಕೆ ತೋಟದ ಹುಡುಗರಿಗೆ ಹತ್ತಿರದಲ್ಲಿ ಹೆಣ್ಣು ಸಿಗದ ಕಾಲ ಇದು. ನೆಂಟಸ್ತಿಕೆ ಘಟ್ಟ ಇಳಿದು ಬಯಲು ದಾಟಿ ಎಲ್ಲೆಲ್ಲಿಗೋ ಹೋಗುತ್ತಿದೆ. ಇವರಿಬ್ಬರ ಜಾತಕ ಎಷ್ಟು ಕೂಡಿತ್ತೋ, ಜಿಐ ಪಟ್ಟಿಯಂತೂ ಚೆನ್ನಾಗಿ ಕೂಡಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2011ರಲ್ಲಿ, ಶಿರಸಿ ಅಡಿಕೆಗೆ 2019ರಲ್ಲಿ. ಅಪ್ಪೆಮಿಡಿಯೂ ಅದೇ ಪಟ್ಟಿಯಲ್ಲಿದೆ. ಮದುವೆಯಲ್ಲಿ ತವರಿನಿಂದ ಬಂದ ಸಾಮಾನಿನ ಜೊತೆ ಡಬ್ಬಿ ಮೆಣಸಿನಕಾಯಿಯ ಚೀಲವೂ ಒಂದಿತ್ತು. ದಪ್ಪ, ಸುಕ್ಕು ಸುಕ್ಕು, ಬಣ್ಣ ಹೆಚ್ಚು, ಖಾರ ಕಡಿಮೆ. ಉಪ್ಪಿನಕಾಯಿಗೆ ಇದಕ್ಕಿಂತ ಒಳ್ಳೆಯದು ಬೇಕೆ?

2024ರ ಬೇಸಿಗೆ ಯಾರಿಗೂ ಸುಲಭದ್ದಾಗಿರಲಿಲ್ಲ. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಸಾರಿದ್ದರು. ತೋಟದ ಬಾವಿಯ ನೀರು ಕೆಳಗಿಳಿದಿತ್ತು, ಅಡಿಕೆ ಸೋಗೆಯ ಮೇಲೆ ಎಲೆಚುಕ್ಕೆ ರೋಗದ ಕಲೆಗಳಿದ್ದವು. ಆ ಮನೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ವಿಷಯ ಬೇರೆ ಇತ್ತು. ಅವಳಿಗೆ ನಾಲ್ಕು ತಿಂಗಳು. ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಆದ್ದರಿಂದ ಈ ಸಲ ಯಾರೂ ಬಾಯಿಬಿಟ್ಟು ಸಂತೋಷಪಡುತ್ತಿರಲಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್ ಆಗಲಿ ಎಂದು ಎಲ್ಲರೂ ಮಾತನ್ನು ಮುಂದಕ್ಕೆ ಹಾಕುತ್ತಿದ್ದರು. ಅವಳಿಗೆ ಬಯಕೆ ಹುಟ್ಟಿದ್ದು ಹಸಿಮಿಡಿಯದು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ತಿನ್ನಲಾಗದ ಮೇಲೆ ಹಾಕುವುದನ್ನಾದರೂ ಕಲಿಯುತ್ತೇನೆ ಎಂದು ಅತ್ತೆಯ ಹಿಂದೆ ಬಿದ್ದಳು.

ಮಿಡಿ ಕೊಯ್ಯುವುದು ಹಗುರದ ಕೆಲಸವಲ್ಲ. ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ, ಭರಣಿಗೆ ಹಾಕಿದರೆ ಅದೊಂದೇ ಕೊಳೆತು ನೆರೆಹೊರೆಯನ್ನೂ ಕೆಡಿಸುತ್ತದೆ. ಹಾಗಾಗಿ ಮರ ಹತ್ತಿ, ಗೊಂಚಲು ಗೊಂಚಲಾಗಿ ತೊಟ್ಟು ಸಮೇತ ಕಿತ್ತು, ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ತೊಟ್ಟು ಬುಡದಲ್ಲೇ ಮುರಿದರೆ ಸೊನೆ ಹರಿದುಹೋಗುತ್ತದೆ. ಅಪ್ಪೆಯ ಪರಿಮಳ, ಬಾಳಿಕೆ ಎರಡೂ ಆ ಸೊನೆಯಲ್ಲೇ ಇರುವುದು. ಮೈಗೆ ತಾಗಿದರೆ ಸುಟ್ಟು ಕಲೆ ಉಳಿಸುವುದೂ ಅದೇ. ಅಡಿಕೆ ಮರ ಹತ್ತುವ ಕೊನೆಗೌಡನೇ ಇದನ್ನೂ ಹತ್ತುತ್ತಾನೆ, ಯಜಮಾನ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಇತ್ತೀಚೆಗೆ ಪೇಟೆಗೆ ಮಿಡಿ ಸಾಗಿಸುವ ಕೆಲವರು ಈ ತಾಪತ್ರಯವೇ ಬೇಡವೆಂದು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಒಂದು ವರ್ಷದ ಮಿಡಿಗೆ ಅಜ್ಜನ ಕಾಲದ ಮರ ಬಲಿ. ಇದು ಕಳ್ಳತನಕ್ಕಿಂತ ಕೆಟ್ಟದ್ದು. ಕಳ್ಳ ಮರವನ್ನಾದರೂ ಬಿಟ್ಟುಹೋಗುತ್ತಾನೆ.

ಆ ವರ್ಷ ಮರ ಹತ್ತುವ ಮೊದಲು ಇನ್ನೊಂದು ಭಯವಿತ್ತು. ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ. ಅದರ ಹಾವಳಿ ಹೆಚ್ಚುವುದು ಸರಿಯಾಗಿ ಚಳಿ ಕಳೆದು ಬೇಸಿಗೆ ಏರುವ ತಿಂಗಳುಗಳಲ್ಲಿ, ಅಂದರೆ ದರಕು ಗುಡಿಸಲು, ಸೊಪ್ಪು ತರಲು, ಮಿಡಿ ಕೊಯ್ಯಲು ಜನ ಕಾಡಿಗೆ ಹೋಗುವಾಗಲೇ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರಲ್ಲೇ ನಿಲ್ಲಿಸಿದ್ದರು, ಹೊಸದು ಬಂದಿರಲಿಲ್ಲ. ಉಳಿದದ್ದು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಮತ್ತು ಹೆಂಡತಿಯ ಕಟ್ಟಪ್ಪಣೆ.

ಕಟ್ಟಪ್ಪಣೆಯೇ ಹೆಚ್ಚು ಕಠಿಣವಾಗಿತ್ತು. ಅವನು ಕಾಡಿನಿಂದ ಬಂದರೆ ನೇರ ಬಚ್ಚಲಿಗೆ. ಬಟ್ಟೆ ಕುದಿನೀರಿಗೆ. ಕೊಟ್ಟಿಗೆಯ ದಾರಿಯಲ್ಲಿ ಬರಬೇಕು, ಜಗುಲಿ ತುಳಿಯುವಂತಿಲ್ಲ. ಎಣ್ಣೆ ಹಚ್ಚಿಕೊಂಡಿದ್ದೇನೆ ಎಂದು ಅವನು ವಾದಕ್ಕೆ ನಿಂತರೆ, “ಎಣ್ಣಿ ನಿಮ್ಮ ಮೈಗೆ ಹಚ್ಚೀರಿ, ಅಂಗಿಗೆ ಹಚ್ಚೀರೇನು? ಮೊದ್ಲು ಜಳಕಾ ಮಾಡ್ರಿ,” ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ಮಡಿ ಎಂದರೆ ಮೂಗು ಮುರಿಯುತ್ತಿದ್ದ ಸೊಸೆ ತಮಗಿಂತ ಕಟ್ಟಾ ಮಡಿಯವಳಾದಳೆಂದು ಅತ್ತೆಗೆ ಒಳಗೊಳಗೇ ಖುಷಿ.

ಅದು ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷವೂ ಹೌದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ 2024ರಲ್ಲಿ ಮಾರ್ಚ್ 19ರಂದು ದೇವಿಯ ಕಲ್ಯಾಣದೊಂದಿಗೆ ಶುರುವಾಗಿ 27ರವರೆಗೆ ನಡೆಯಿತು. ಗದ್ದಲದಲ್ಲಿ ಬಸುರಿ ಹೋಗುವುದು ಬೇಡ ಎಂದು ಅವನು, ಉಡಿ ಕೊಡದೆ ಇರುವುದು ಹೇಗೆ ಎಂದು ಅವಳು. ಕೊನೆಗೆ ಗದ್ದಲ ಕಡಿಮೆ ಇರುವ ಬೆಳಗಿನ ಜಾವ ಹೋಗಿ, ಕಣ, ಕಾಯಿ, ಅಕ್ಕಿಯ ಉಡಿ ಒಪ್ಪಿಸಿ ಬಂದರು. ಅವನು ದೇವರನ್ನು ಹೆಚ್ಚು ನಂಬುವವನಲ್ಲ. ಆದರೆ ಸಾಲಿನಲ್ಲಿ ನಿಂತಷ್ಟು ಹೊತ್ತೂ ಹೆಂಡತಿಯ ಬೆನ್ನ ಹಿಂದೆ ಎರಡೂ ಕೈ ಅಡ್ಡ ಹಿಡಿದು, ಯಾರೂ ತಳ್ಳದಂತೆ ಕಾದ. ನಂಬಿಕೆಗೆ ಇಷ್ಟು ಸಾಕು ಎನ್ನುವವರ ಪೈಕಿ ಈ ಲೇಖಕನೂ ಒಬ್ಬ.

ಜಾತ್ರೆ ಮುಗಿದ ಮೇಲೆ ದೇವಿ ಗುಡಿಯಲ್ಲಿ ಇರುವುದಿಲ್ಲ, ಮರಳಿ ಪ್ರತಿಷ್ಠೆಯಾಗುವುದು ಯುಗಾದಿಗೆ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ಈ ನಡುವಿನ ದಿನಗಳಲ್ಲೇ ಅವರ ಮನೆಯ ಮಿಡಿ ಉಪ್ಪಿನಲ್ಲಿದ್ದದ್ದು.

ಉಪ್ಪಿನ ಕಥೆ ಬೇರೆಯೇ ಇದೆ. ಪೇಟೆಯ ಪುಡಿಯುಪ್ಪು ಈ ಕೆಲಸಕ್ಕೆ ಬರುವುದಿಲ್ಲ, ಹರಳುಪ್ಪೇ ಆಗಬೇಕು. ಆ ಮನೆಗೆ ತರುತ್ತಿದ್ದದ್ದು ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪು. ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯ 116 ಮೀಟರ್ ಧುಮುಕಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಿರುವುದು ಅದರ ಅಳಿವೆಯಲ್ಲೇ. ಮೇಲಿನ ದಂಡೆಯಲ್ಲಿ ಮಿಡಿ, ಕೆಳಗಿನ ಅಳಿವೆಯಲ್ಲಿ ಉಪ್ಪು. ಒಂದೇ ಹೊಳೆಯ ಎರಡು ತುದಿಗಳನ್ನು ಒಂದು ಭರಣಿಯಲ್ಲಿ ಕೂಡಿಸಿದ ಆ ಹಳೆಯ ಕಾಲದ ಹೆಂಗಸು ಯಾರೋ, ಅವಳಿಗೆ ನಮಸ್ಕಾರ.

ತೊಳೆದ ಮಿಡಿಯನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ, ತೊಟ್ಟನ್ನು ಚೂರು ಉಳಿಸಿ ಕತ್ತರಿಸಿ, ಒಂದು ಪದರ ಉಪ್ಪು, ಒಂದು ಪದರ ಮಿಡಿ ಎಂದು ಭರಣಿ ತುಂಬುತ್ತಾರೆ. ಮೇಲೆ ಹೊಳೆಯ ನುಣುಪುಕಲ್ಲೊಂದನ್ನು ಹೇರಿ, ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನವೂ ಒಣ ಸಟ್ಟುಗದಲ್ಲಿ ಮೇಲೆ ಕೆಳಗೆ ಮಾಡಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಉಪ್ಪು ಬೆವರುತ್ತದೆ, ಮಿಡಿ ನೀರು ಬಿಟ್ಟು ಚಿರುಟತೊಡಗುತ್ತದೆ, ಹಸಿರು ಹೋಗಿ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಹೊಸಬರಿಗೆ ಕೆಟ್ಟೇಹೋಯಿತು ಅನ್ನಿಸುವುದು ಇಲ್ಲಿಯೇ. ಅವಳಿಗೂ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಅದು ಬರೀ ಮಿಡಿಗಾಗಿ ಬಂದದ್ದಲ್ಲ ಎಂದು ಅತ್ತೆಗೆ ತಿಳಿಯಿತು. “ಕೂಸೇ, ಹೆದರಡ,” ಎಂದಷ್ಟೇ ಹೇಳಿ ಸಟ್ಟುಗ ತಾವೇ ತೆಗೆದುಕೊಂಡರು.

ಭರಣಿಯ ಸುತ್ತ ನಿಷೇಧಗಳಿಗೆ ಬರವಿಲ್ಲ. ಒದ್ದೆ ಕೈ ಆಗದು, ಎಂಜಲು ಆಗದು, ತಿಂಗಳ ಮೂರು ದಿನ ಹೆಂಗಸರು ಹತ್ತಿರ ಸುಳಿಯುವಂತಿಲ್ಲ. “ಈ ಸಲ ನಿಂಗೆ ರಜೆಯೇ ಇಲ್ಲೆ,” ಎಂದು ಅತ್ತೆ ನಕ್ಕಿದ್ದರು. ಮೊದಲ ನಿಯಮಕ್ಕೆ ಕಾರಣ ಸ್ಪಷ್ಟ: ನೀರು ಸೇರಿದರೆ ಉಪ್ಪಿನ ಪ್ರಮಾಣ ಇಳಿದು ಬೂಜು ಕಟ್ಟುತ್ತದೆ. ಕೊನೆಯದಕ್ಕೆ ಯಾವ ಕಾರಣವೂ ಇಲ್ಲ. ಮುಟ್ಟಿನ ನೆರಳಿಗೆ ಯಾವ ಉಪ್ಪಿನಕಾಯಿಯೂ ಕೆಟ್ಟಿಲ್ಲ, ಅವಸರದ ಗಂಡಸರ ಒದ್ದೆ ಕೈಗೆ ಕೆಟ್ಟ ಭರಣಿಗಳು ಊರಿಗೊಂದು ಸಿಗುತ್ತವೆ.

ಈ ಮಧ್ಯೆ ತವರಿನ ಸುದ್ದಿ ಚೆನ್ನಾಗಿರಲಿಲ್ಲ. ಮೆಣಸಿನಕಾಯಿ ದರ ಕುಸಿದು, ಮಾರ್ಚ್ 11ರಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದರು. ಅಪ್ಪನ ಬೆಳೆಯೂ ಮಾರದೆ ಚೀಲದಲ್ಲೇ ಇತ್ತು. ಫೋನಿನಲ್ಲಿ ಅಪ್ಪ ದರದ ಮಾತು ಎತ್ತಲಿಲ್ಲ, “ಉಪ್ಪಿನಕಾಯಿಗೆ ಖಾರ ಬೇಕೇನವ್ವಾ?” ಎಂದು ಕೇಳಿದರು. ಯುಗಾದಿಯ ಮರುದಿನ ಬಸ್ಸಿನಲ್ಲಿ ಹೊಸ ಡಬ್ಬಿಯ ಪುಡಿ ಬಂತು.

ಉಳಿದದ್ದು ಒಂದು ಹಗಲಿನ ಕೆಲಸ. ಉಪ್ಪುನೀರು ಬಸಿದು, ಕುದಿಸಿ, ನೊರೆ ತೆಗೆದು, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ ಅರೆದು, ಮೆಣಸಿನಪುಡಿ, ಅರಿಶಿನ ಕಲಸಿ ಮಿಡಿಗೆ ಬೆರೆಸಿದರು. ಎಣ್ಣೆಯ ಹನಿಯೂ ಇಲ್ಲ. ಎಣ್ಣೆ ಹಾಕಿದರೆ ಅಪ್ಪೆಯ ಪರಿಮಳ ಅಡಗುತ್ತದೆ ಎಂದು ಮಲೆನಾಡಿನವರ ವಾದ, ಅದು ಸರಿಯೇ. ಭರಣಿಯ ಬಾಯಿ ಕಟ್ಟುವಾಗ ಗಂಡ ಬಟ್ಟೆ ಬಿಗಿ ಹಿಡಿದ, ಹೆಂಡತಿ ದಾರ ಸುತ್ತಿದಳು. ಗಂಟು ಸಡಿಲ ಎಂದು ಅವನು, ಬೆರಳು ತೆಗೆದರೆ ತಾನೇ ಬಿಗಿಯಾಗುತ್ತದೆ ಎಂದು ಅವಳು. ಸ್ಕ್ಯಾನಿಂಗ್ ಆದದ್ದು ಅದೇ ವಾರ. ಎಲ್ಲ ಸರಿಯಾಗಿತ್ತು.

ಹಾಕಿದವಳು ತಿನ್ನುವ ಹಾಗಿರಲಿಲ್ಲ. ಮೊದಲು ಡಾಕ್ಟರ ಉಪ್ಪಿನ ಲೆಕ್ಕ, ಮಳೆಗಾಲದಲ್ಲಿ ಕುಬುಸ ಮುಗಿಸಿ ತವರಿಗೆ ಹೋದಳು, ಹೆತ್ತ ಮೇಲೆ ಬಾಣಂತಿ ಪಥ್ಯ. ಹುಳಿ, ಖಾರ ಎರಡೂ ನಿಷಿದ್ಧ. ಆ ಮುಂಗಾರು ಕೈಬಿಡಲಿಲ್ಲ, ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಬಂದಿತ್ತು. ಐದು ತಿಂಗಳ ಮಗಳನ್ನೆತ್ತಿಕೊಂಡು ಅವಳು ಗಂಡನ ಮನೆಗೆ ಮರಳಿದಾಗ ಹೊಸ ವರ್ಷದ ಅಡಿಕೆ ಸುಲಿತ ನಡೆದಿತ್ತು. ಗಂಜಿಯೂಟಕ್ಕೆ ಭರಣಿ ಬಿಚ್ಚಿದರು. ಮಿಡಿ ಕರುಮ್ ಎಂದಿತು, ಬಣ್ಣ ಕಣ್ಣಿಗೆ ಹೊಡೆಯುವಷ್ಟು ಕೆಂಪು. ಅತ್ತೆಯ ತೀರ್ಪು: ಸಾಸಿವೆ ಸಾಲದು, ಮುಂದಿನ ಸಲ ನೋಡುವ.

ಮಿಡಿ ಕೊಳ್ಳುವವರಲ್ಲಿ ಒಂದು ಮಾತು. ತೊಟ್ಟಿರುವುದನ್ನೇ ಕೊಳ್ಳಿ, ಕೊಂಬೆ ಸಮೇತ ರಾಶಿ ಹಾಕಿಕೊಂಡು ಕೂತವರ ಬಳಿ ಕೊಳ್ಳಬೇಡಿ. ಹಿತ್ತಲಲ್ಲಿ ಜಾಗವಿದ್ದರೆ ಮಲೆನಾಡಿನ ನರ್ಸರಿಗಳಲ್ಲಿ ಒಳ್ಳೆಯ ಅಪ್ಪೆಯ ಕಸಿ ಗಿಡಗಳು ಸಿಗುತ್ತವೆ. ಮುಂಗಾರು ಹಿಡಿದ ಕೂಡಲೇ ನೆಡಿ, ಮೊದಲೆರಡು ಬೇಸಿಗೆ ನೀರು ತಪ್ಪಿಸಬೇಡಿ.